ಶೀನ ಹೊಳ್ಳರ ಕಾಲುನೋವು ಮತ್ತು ನಮ್ಮ ಸ್ಟ್ರೆಚರ್

ಶೀನ ಹೊಳ್ಳರನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ನಾವು ನಾಲ್ವರು ಗದ್ದೆಯಂಚಿನಲ್ಲಿ ಹೋಗುತ್ತಿದ್ದೆವು. ಅವರ ಸೌತೆಬಳ್ಳಿಗೆ ಯಾರದೋ ದನ ನುಗ್ಗಿತು.

ಹೊಳ್ಳರು ಥಟ್ಟನೆ ಕೆಳಗೆ ಹಾರಿ, ಪಂಚೆ ಎತ್ತಿ ಕಟ್ಟಿ, ದನವನ್ನು ತೋಡಿನ ಆಚೆಯವರೆಗೆ ಅಟ್ಟಿಸಿಕೊಂಡು ಹೋದರು. ವಾಪಸ್ ಬಂದು ಮತ್ತೆ ಮಲಗಿದರು.

"ಎತ್ತಿ ಮಕ್ಳೆ. ಕಾಲ್ ಭಾರೀ ಸೆಳಿತಿತ್ತ್" ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎತ್ತಿದೆವು...

ಈಗ ನನಗೆ ತೊಂಬತ್ತು ದಾಟಿ ಎಷ್ಟೋ ಆಯಿತು. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಇದು ಎರಡನೇ ಮಹಾಯುದ್ಧದ ಕಾಲದ ಮಾತು. ಬಾರ್ಕೂರಿನ ಹತ್ತಿರ ನಮ್ಮೂರು.

ಕುಂದಾಪುರದಿಂದ ಬಂದಿದ್ದ ಒಬ್ಬ ಮಾಸ್ತರರು ಯುವಕರು ಸೇವೆ ಮಾಡಬೇಕು ಎಂದು ದೊಡ್ಡ ಭಾಷಣ ಮಾಡಿ, ಒಂದು ವಾರ ಫಸ್ಟ್ ಏಡ್ ಟ್ರೈನಿಂಗ್ ಕೊಟ್ಟು ಹೋಗಿದ್ದರು. ನಾನು, ಕುಷ್ಟ, ಮಂಜ, ಅಣ್ಣಪ್ಪ ಸೇರಿ ಸೇವಾ ಸಂಘ ಮಾಡಿದೆವು. ಎರಡು ಬಿದಿರು, ನಡುವೆ ಗೋಣಿ... ಅದೇ ನಮ್ಮ ಸ್ಟ್ರೆಚರ್.

ಎಲ್ಲ ತಯಾರಾಯಿತು. ಆದರೆ ಊರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ.

ತೆಂಗಿನ ಮರ ಹತ್ತುವ ಚಿಕ್ಕನ ಹಿಂದೆ ಸ್ಟ್ರೆಚರ್ ಹಿಡಿದುಕೊಂಡು ಮರದಿಂದ ಮರಕ್ಕೆ ಹೋದೆವು. ಬುಡದಲ್ಲಿ ನಿಂತು ಮೇಲೆ ನೋಡುವುದೇ ಕೆಲಸ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ಹ್ವಾಯ್, ನಾ ಬೀಳೂಕೆ ಕಾಯ್ತಿದ್ರ್ಯಾ ನೀವ್? ಬೇರೆ ಮರ ಕಾಣಿ" ಎಂದು ಮೇಲಿನಿಂದಲೇ ಬೈದ.

ಅಂಥ ಹೊತ್ತಿನಲ್ಲಿ ಶೀನ ಹೊಳ್ಳರು ಜಗುಲಿಯಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುವುದು ಕಂಡಿತು. ನೋವಾ ಎಂದು ಕೇಳಿದೆವು. ಹೌದು ಅಂದರು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೊದಲ ದಿನ ದೇವಸ್ಥಾನಕ್ಕೆ ಹೊತ್ತೆವು. ಆಮೇಲೆ ಶ್ರಾದ್ಧದೂಟಕ್ಕೆ. ಆಮೇಲೆ ಬೇಲಿಜಗಳ ನೋಡಲಿಕ್ಕೆ. ಹೊಳ್ಳರು ಮಲಗಿದಲ್ಲಿಂದಲೇ ದಾರಿ ಹೇಳುತ್ತಿದ್ದರು, ಎದುರು ಬಂದವರ ಕುಶಲ ಕೇಳುತ್ತಿದ್ದರು. ಹೊರುವವರ ಕುಶಲ ಮಾತ್ರ ಕೇಳುತ್ತಿರಲಿಲ್ಲ.

ದನ ಓಡಿಸಿದ ಮೇಲೂ ನಾವೇಕೆ ಹೊತ್ತೆವು ಅಂತೀರಾ? ಅವರು ಗುಣವಾದರೆ ನಮ್ಮ ಸಂಘದ ಕಥೆ ಮುಗಿಯುತ್ತಿತ್ತು. ಅವರ ಕಾಲು ನಮಗೂ ಬೇಕಿತ್ತು.

ಒಂದು ಬೆಳಿಗ್ಗೆ ದೇವಸ್ಥಾನದಿಂದ ವಾಪಸ್ ಬರುತ್ತಿದ್ದೇವೆ. ಹೊಳ್ಳರು ಮಡಿಯುಟ್ಟು ಮಲಗಿದ್ದಾರೆ. ಹೊಳೆಯ ಕಡೆಯಿಂದ, ಮೀನು ಹಿಡಿಯುವ ಮೊಗವೀರರ ಸಂಕಮ್ಮ ಓಡಿಬಂದಳು, ಎದೆ ಹಿಡಿದುಕೊಂಡು.

"ಅಯ್ಯಾ, ನಿಲ್ಲಿ... ನಮ್ಮ್ ಸೊಸಿ ಅಕ್ಕಣಿಗೆ ನಿನ್ನೆಯಿಂದ ಬ್ಯಾನಿ. ಹೆರಿಗಿ ಆತಿಲ್ಲೆ. ಗಂಡ್ಸ್ರೆಲ್ಲ ದೋಣಿ ತಕಂಡ್ ಕಡಲಿಗೆ ಹೋಯಿರ್. ಡಾಕ್ಟ್ರಲ್ಲಿಗೆ ಕರ್ಕಂಡ್ ಹೋಯ್ಕ್."

ಡಾಕ್ಟರು ಇದ್ದದ್ದು ಬ್ರಹ್ಮಾವರದಲ್ಲಿ, ಹೊಳೆ ದಾಟಿ.

ನಾವು ಬಾಯಿ ತೆರೆಯುವ ಮೊದಲೇ ಹೊಳ್ಳರು ಕೆಳಗೆ ಹಾರಿದ್ದರು. ಅವರು ಹಾರಿದ ರಭಸಕ್ಕೆ ಕುಷ್ಟ ಅಂಚಿನಿಂದ ಜಾರಿ ಗದ್ದೆಗೆ ಬಿದ್ದ. ಪಾದ ಉಳುಕಿತು.

ಇಷ್ಟು ದಿನ ಹುಡುಕಿದ ಗಾಯಾಳು ಕೊನೆಗೂ ಸಿಕ್ಕಿದ್ದ. ಆದರೆ ಸ್ಟ್ರೆಚರ್ ಅವನಿಗಿರಲಿಲ್ಲ. ಅವನನ್ನು ಅಂಚಿನ ಮೇಲೆ ಕೂರಿಸಿ ಸಂಕಮ್ಮನ ಮನೆಗೆ ಓಡಿದೆವು.

ಅಕ್ಕಣಿಯ ಮುಖ ಬಿಳುಚಿಕೊಂಡಿತ್ತು. ಕೂಗಲೂ ತ್ರಾಣವಿರಲಿಲ್ಲ. ಟ್ರೈನಿಂಗಿನಲ್ಲಿ ಕಲಿತ ಬ್ಯಾಂಡೇಜು ಯಾವುದೂ ಇದಕ್ಕೆ ಆಗುವಂಥದ್ದಲ್ಲ.

ಮೂರು ಮೂಲೆಗೆ ನಾವು ಮೂವರು. ನಾಲ್ಕನೆಯದಕ್ಕೆ ಯಾರು?

ತಿರುಗಿ ನೋಡಿದರೆ ಹೊಳ್ಳರು ಬಿದಿರನ್ನು ಹೆಗಲಿಗೆ ಇಟ್ಟುಕೊಂಡು ನಿಂತಿದ್ದಾರೆ! ಸಂಕಮ್ಮನೇ ಹಿಂದೆ ಸರಿದಳು.

"ಅಯ್ಯಾ, ನೀವ್ ಮಡಿಯಂಗ್ ಇದ್ರಿ..."

"ಮಡಿ ಹೊಳೀಲಿ ಮಿಂದ್ರೆ ಬತ್ತ್. ಹೋದ್ ಜೀವ ಬತ್ತಾ?" ಅಂದರು. ಆಮೇಲೆ ನಮ್ಮ ಕಡೆ ತಿರುಗಿ, "ಎಂತ ಕಾಂತ್ರಿ? ನಡೀರಿ."

ನಡೆದೆವು. ನಡೆದೆವು ಎನ್ನುವುದು ತಪ್ಪು. ಆ ಮನುಷ್ಯ ನಮ್ಮನ್ನು ಓಡಿಸಿದರು. ಹೊಳೆ ದಾಟಿಸುವ ಕಡವಿನ ದೋಣಿ ಹತ್ತಿಸುವಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಿದಿರು ಎತ್ತಿ ಹಿಡಿದವರು ಅವರು. ಆಚೆ ದಡದಲ್ಲಿ ಏದುಸಿರು ಬಿಡುತ್ತಿದ್ದ ಅಣ್ಣಪ್ಪನಿಗೆ, "ಗಂಜಿ ಉಂಡದ್ದ್ ಎಲ್ಲಿಗ್ ಹೋಯ್ತಾ?" ಎಂದು ಕೇಳಿದವರೂ ಅವರೇ.

ದಾರಿಯುದ್ದಕ್ಕೂ ಅಕ್ಕಣಿಗೆ ಏನೇನೋ ಹೇಳುತ್ತಲೇ ಇದ್ದರು. ಬಂಗುಡೆಗೆ ಈಗ ರೇಟು ಹೇಗೆ ಎಂದು ಕೇಳಿದರು. ಹುಟ್ಟಿನಿಂದ ಮೀನಿನ ವಾಸನೆ ನೋಡದ ಮನುಷ್ಯ! ಅವಳು ಕಣ್ಣು ಮುಚ್ಚಿದಾಗಲೆಲ್ಲ, "ಹ್ವಾಯ್ ಅಕ್ಕಣಿ, ಹೇಳ್ ಕಾಂಬ" ಎಂದು ಎಬ್ಬಿಸುತ್ತಿದ್ದರು.

ಬ್ರಹ್ಮಾವರದಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೊಳ್ಳರು ಜಗುಲಿಯ ಮೇಲೆ ಧೊಪ್ಪನೆ ಕೂತರು. ಹೆಗಲ ಚರ್ಮ ಸುಲಿದು ಕೆಂಪಾಗಿತ್ತು.

ತುಂಬ ಹೊತ್ತಾದ ಮೇಲೆ ಒಳಗಿನಿಂದ ಮಗುವಿನ ಅಳು ಕೇಳಿತು. ಹೆಣ್ಣು. ತಾಯಿಯೂ ಉಳಿದಿದ್ದಳು. ಸಂಕಮ್ಮ ನೆಲಕ್ಕೆ ಕೂತು ಅತ್ತಳು. ಮಂಜನೂ ಅತ್ತ.

ಡಾಕ್ಟರು ಹೊರಗೆ ಬಂದು ಹೊಳ್ಳರ ಅವಸ್ಥೆ ನೋಡಿ, ಇವರಿಗೇನಾಗಿದೆ ಎಂದು ವಿಚಾರಿಸಿದರು.

"ಕಾಲ್ ನೋವ್ ಡಾಕ್ಟ್ರೆ. ನಡೂಕೇ ಆತಿಲ್ಲೆ" ಅಂದರು ಹೊಳ್ಳರು.

ಡಾಕ್ಟರು ಮೊಣಕಾಲನ್ನು ಮಡಿಸಿ, ಬಿಡಿಸಿ, ಒತ್ತಿ ನೋಡಿದರು. ಕೊನೆಗೆ ಹೆಗಲಿಗೆ ಮುಲಾಮು ಹಚ್ಚಿ ಕಳುಹಿಸಿದರು.

ಹೊರಡುವ ಹೊತ್ತಾಯಿತು. ಸ್ಟ್ರೆಚರ್ ಖಾಲಿ ಬಿದ್ದಿತ್ತು. ಹೊಳ್ಳರು ಅದನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದರು.

ಕುಷ್ಟ ಊರಲ್ಲೇ ಉಳಿದಿದ್ದ, ನಾವು ಮೂವರೇ ಇದ್ದೆವು. ಸಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆಯವರೆಗೆ ನಾನೂ ಹೊರುತ್ತೇನೆ ಎಂದು ನಾಲ್ಕನೆಯ ಮೂಲೆಗೆ ಬಂದು ನಿಂತಳು.

ಹೊಳ್ಳರು ಮಲಗಿದರು. ಎತ್ತಿದೆವು. ದಾರಿಯಲ್ಲಿ ಸಿಕ್ಕವರಿಗೆಲ್ಲ ತಮ್ಮ ಕಾಲುನೋವಿನ ವಿಷಯ ಹೇಳಿದರು, ಅಕ್ಕಣಿಯ ವಿಷಯ ಒಬ್ಬರಿಗೂ ಹೇಳಲಿಲ್ಲ.

ನಡೆಯಬಲ್ಲರು ಎಂದು ಚೆನ್ನಾಗಿ ಗೊತ್ತಿದ್ದೂ ನೀವು ಯಾರನ್ನಾದರೂ ಸಂತೋಷವಾಗಿ ಹೊತ್ತದ್ದುಂಟಾ?