ಹಿಡಿ ಅಕ್ಕಿಯ ಅಮ್ಮಚ್ಚಿ

ವಯನಾಡು ಜಿಲ್ಲೆಯಾದ ಹೊಸತರಲ್ಲಿ ಪೆರಿಕಲ್ಲೂರಿನ ನಮ್ಮ ಪಕ್ಕದ ಮನೆಯ ವೃದ್ಧೆಯನ್ನು ಎಲ್ಲರೂ ಅಮ್ಮಚ್ಚಿ ಎನ್ನುತ್ತಿದ್ದರು. ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಮೊದಲು ಪ್ರಾರ್ಥಿಸಿ ತೆಗೆದಿಡುವ ಹಿಡಿ ಅಕ್ಕಿಯನ್ನು ಅವರು ಪ್ರತಿ ಶನಿವಾರ ಕೂಡಿಸಿ, ನೂಲ್ಪುಳದ ಮಿಷನ್ ಶಾಲೆಯ ಮಕ್ಕಳ ಊಟಕ್ಕೆ ಕಳಿಸುತ್ತಿದ್ದರು. ಪ್ರತಿ ಬಾಗಿಲಲ್ಲೂ ಸೆರಗು ಸರಿಪಡಿಸಿಕೊಂಡು, “ಪ್ರಾರ್ಥನೆ ಮಾಡೇ ತೆಗ್ದಿಟ್ರಾ?” ಎಂದು ಕೇಳುತ್ತಿದ್ದರು.

ಊರಿನ ಚರ್ಚಿನ ಮಲಯಾಳಿ ಸಭೆಗೂ ಕನ್ನಡ ಸಭೆಗೂ ಮಾತಿರಲಿಲ್ಲ. ಹಾಗಾಗಿ ಚೀಲಗಳೂ ಎರಡು. ಒಂದು ಶನಿವಾರ ಅಮ್ಮಚ್ಚಿ ಎರಡನ್ನೂ ಒಂದೇ ಚೀಲಕ್ಕೆ ಸುರಿದರು. ಮಲಯಾಳಿಗಳದು ಕೆಂಪು ಕುಚ್ಚಲಕ್ಕಿ, ಕನ್ನಡದವರದು ಬೇಗ ಬೇಯುವ ಬಿಳಿಯ ಬೆಳ್ತಿಗೆ ಅಕ್ಕಿ. ಶಾಲೆಯ ಒಲೆಯಲ್ಲಿ ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಯಿತು. ಮಕ್ಕಳು ಅರೆಹೊಟ್ಟೆಯಲ್ಲಿ ಎದ್ದರು, ಉಳಿದ ಅಕ್ಕಿಯ ಚೀಲ ಅಮ್ಮಚ್ಚಿಯ ಮನೆಗೆ ಮರಳಿ ಬಂತು.

“ಕರ್ತಾವೇ, ಎಲ್ಲಾರೂ ಒಂದಾಗ್ಲಿ ಅಂತ ತಾನೇ ಹಾಕ್ದೆ? ತಪ್ಪೆಲ್ಲಿ?” ಎಂದು ನನ್ನನ್ನೇ ಕೇಳಿದರು.

“ಅಮ್ಮಚ್ಚೀ, ಪ್ರಾರ್ಥನೆ ಜಾಸ್ತಿಯಾಗಿ ಅಡುಗೆ ಮರ್ತೋಯ್ತಾ?” ಎಂದು ನಗುತ್ತ ಕನ್ನಡದ ಹೆಂಗಸರು ಜಗಲಿಗೆ ಬಂದು ಕೆಂಪು, ಬಿಳಿ ಅಕ್ಕಿಯನ್ನು ಬೇರೆಬೇರೆಯಾಗಿ ಆರಿಸತೊಡಗಿದರು. ಸುದ್ದಿ ಕೇಳಿ ಮಲಯಾಳಿ ಹೆಂಗಸರೂ ಬಂದರು. ಜಾಗ ಸಾಲದೆ ಒಂದೇ ಚಾಪೆಯಲ್ಲಿ ಒತ್ತಿಕೊಂಡು ಕೂತರು.

ಸಂಜೆಗೆ ಎರಡು ಚೀಲ ಸಿದ್ಧವಾದವು. ಕುಚ್ಚಲಕ್ಕಿಯ ಚೀಲವನ್ನು ಕನ್ನಡದವಳೊಬ್ಬಳು ತಲೆಗೇರಿಸಿಕೊಂಡು ಬಸ್ಸಿಗೆ ನಡೆದಳು. ತಾನು ಕೂಡಿಸಿದ್ದೋ ಬೇರೆ ಮಾಡಿಸಿದ್ದೋ ತಿಳಿಯದೆ ಅಮ್ಮಚ್ಚಿ ಅವಳನ್ನೇ ನೋಡುತ್ತ ನಿಂತಿದ್ದರು.