ರುಕ್ಕತ್ತೆಯ ಚಪ್ಪಾಳೆ ಪಾಠ

ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಯಾರಾದರೂ ವಾಚ್‌ಮನ್‌ನನ್ನು ಕರೆಯಲು ಚಪ್ಪಾಳೆ ತಟ್ಟಿದರೆ ನನ್ನ ಕೈಯ ಪೇಪರು ತಾನಾಗಿ ಕೆಳಗಿಳಿಯುತ್ತದೆ. ಒಂದು ಚಪ್ಪಾಳೆಗೆ ಉಸಿರು ಸ್ವಲ್ಪ ತಡೆಯುತ್ತದೆ. ಬೆನ್ನಿಗೇ ಇನ್ನೊಂದು ಬಿದ್ದರೆ, ಸರಿ, ವಾಕ್ಯ ಮುಗಿಯಿತು ಅನ್ನಿಸುತ್ತದೆ. ಅಷ್ಟಕ್ಕೇ ಸುಮ್ಮನಾಗುವವಳಲ್ಲ ನಾನು. ಎದ್ದು ಕಿಟಕಿಗೆ ಹೋಗಿ, ಯಾರು ತಟ್ಟಿದರು, ಯಾರಿಗೆ ತಟ್ಟಿದರು, ಯಾಕೆ ತಟ್ಟಿದರು ಎಂದು ನೋಡಿಕೊಂಡೇ ಬರಬೇಕು. ಉಸಿರು ತಡೆಯುವುದನ್ನು ಕಲಿಸಿದವಳು ನನ್ನ ಸೋದರತ್ತೆ ರುಕ್ಮಿಣಿ, ನನಗೆ ರುಕ್ಕತ್ತೆ. ಕಿಟಕಿಗೆ ಹೋಗುವುದನ್ನು ಕಲಿಸಿದವಳು ಅಪ್ಪನ ಅಮ್ಮ, ನಮ್ಮಜ್ಜಿ. ಇಬ್ಬರೂ ಈಗಿಲ್ಲ. ತ್ಯಾಗರಾಜನಗರದ ಆ ಮನೆಯೂ ಇಲ್ಲ. ಅದರ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಎದ್ದು, ಕೆಳಗೆ ಮೊಬೈಲ್ ಅಂಗಡಿ ಬಂದಿದೆ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಪಕ್ಕದ ಜಯನಗರವೆಂದರೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಬೇಲಿಯೊಳಗಿನ ಎಳೆ ಗಿಡಗಳು, ಮಧ್ಯೆ ಮಧ್ಯೆ ಹಸಿ ಸುಣ್ಣದ ವಾಸನೆಯ ಹೊಸ ಮನೆಗಳು. ನಿಮ್ಮಲ್ಲಿ ಕೆಲವರಿಗಾದರೂ ಆ ಬಯಲಿನ ಗಾಳಿ ನೆನಪಿರಬೇಕು. ನಮ್ಮದು ಹೆಂಚಿನ ಮನೆ, ಕೆಂಪು ಗಾರೆಯ ನೆಲ, ಬೀದಿಗೆ ಮುಖ ಮಾಡಿದ ಪಡಸಾಲೆ, ಗೇಟಿನ ಪಕ್ಕ ಒಂದು ಪಾರಿಜಾತ. ಪಡಸಾಲೆಯ ಕಂಬಕ್ಕೆ ಒರಗಿ ಅಜ್ಜಿ ಹೂಬತ್ತಿ ಮಾಡುತ್ತ ಕೂತಿರುತ್ತಿದ್ದಳು. ಕೈ ಬತ್ತಿಯ ಮೇಲೆ, ಕಣ್ಣು ಬೀದಿಯ ಮೇಲೆ. ಹಾಲಿನವನು ನಮ್ಮ ಕಣ್ಣೆದುರೇ ಹಸು ಕರೆದರೂ ಮೊದಲು ಚೆಂಬನ್ನು ಬೋರಲು ಹಾಕಿ ತೋರಿಸಬೇಕು, ಆಮೇಲೆ ಮಡಿಸಿದ ಅಂಗಿತೋಳನ್ನೂ ಬಿಚ್ಚಬೇಕು. ಸೊಪ್ಪಿನವಳು ಕಟ್ಟಿನೊಳಗೆ ಹುಲ್ಲು ಸೇರಿಸುತ್ತಾಳೆ, ಅಗಸ ನಮ್ಮ ಸೀರೆಗಳನ್ನು ಬೇರೆಯವರ ಮದುವೆಗೆ ಬಾಡಿಗೆ ಕೊಡುತ್ತಾನೆ ಎಂಬುದು ಅವಳ ಗಟ್ಟಿ ನಂಬಿಕೆ. ಒಂದೊಂದು ಸಲ ಅವಳು ಹೇಳಿದ್ದು ನಿಜವೇ ಆಗಿಬಿಡುತ್ತಿತ್ತು. ತೊಂದರೆಯಾದದ್ದೇ ಅಲ್ಲಿ.

ರುಕ್ಕತ್ತೆ ಇಂಟರ್‌ಮೀಡಿಯೆಟ್ ಓದಿದ್ದಳು. ನಿಶ್ಚಯವಾಗಿದ್ದ ಮದುವೆ ಯಾಕೋ ಮುರಿದುಬಿದ್ದು ಮನೆಯಲ್ಲೇ ಉಳಿದಿದ್ದಳು. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಮಿಡ್ಲ್‌ಸ್ಕೂಲಿನಲ್ಲಿ. ಅಷ್ಟರೊಳಗೆ ಮಕ್ಕಳ ಕಿವಿಗೆ ನಾಲ್ಕಕ್ಷರ ಬೀಳಲಿ ಎಂದು ಬೀದಿಯ ತಾಯಂದಿರು ಪ್ರೈಮರಿಯ ಪುಟಾಣಿಗಳನ್ನು ಸಂಜೆ ಅವಳ ಹತ್ತಿರ ಬಿಟ್ಟುಹೋಗುತ್ತಿದ್ದರು. ಅವರ ಜೊತೆ ನಾನೂ ಕೂರುತ್ತಿದ್ದೆ. ಅಡುಗೆಮನೆಯಿಂದ ಕಾಫಿಬೀಜ ಹುರಿಯುವ ಘಮ ಬರುತ್ತಿರುವಾಗ ಅವಳು ತಣ್ಣನೆಯ ಕೆಂಪು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ವಾಕ್ಯ ಬಿಡಿಸುವಳು. ಫುಲ್‌ಸ್ಟಾಪಿಗೆ ಚುಕ್ಕಿ, ಕಾಮಾಕ್ಕೆ ಬಾಲವಿರುವ ಚುಕ್ಕಿ. ನಾವೆಲ್ಲ ಒಟ್ಟಿಗೆ ಗಟ್ಟಿಯಾಗಿ ಓದಬೇಕು. ಕಾಮಾ ಬಂದರೆ ಒಂದು ಚಪ್ಪಾಳೆ, ಫುಲ್‌ಸ್ಟಾಪಿಗೆ ಎರಡು, ಪ್ರಶ್ನೆಗೆ ಚಿಟಿಕೆ, ಕ್ಯಾಪಿಟಲ್ ಅಕ್ಷರ ಬಂದರೆ ಮಂಡಿಯ ಮೇಲೆ ಎದ್ದು ನಿಲ್ಲುವುದು. ಎದ್ದು, ಕೂತು, ತಟ್ಟಿ, ಚಿಟಿಕೆ ಹೊಡೆದು ನಮಗೆ ಅದು ಆಟವೋ ಪಾಠವೋ ತಿಳಿಯುತ್ತಿರಲಿಲ್ಲ. ಹಗಲೆಲ್ಲ ತಲೆ ತಗ್ಗಿಸಿ ಓಡಾಡುವ ರುಕ್ಕತ್ತೆಯ ಕುತ್ತಿಗೆ ಆಗ ಮಾತ್ರ ನೆಟ್ಟಗಾಗುತ್ತಿತ್ತು. ಅವಳು ಎಷ್ಟು ಚೆನ್ನಾಗಿದ್ದಳು ಎಂದು ನನಗೆ ಗೊತ್ತಾಗುತ್ತಿದ್ದುದೂ ಆ ಹೊತ್ತಿನಲ್ಲೇ.

ಎದುರುಮನೆಯ ಮಹಡಿ ಕೋಣೆಗೆ ಮೂರ್ತಿ ಎಂಬ ಒಂಟಿ ಗಂಡಸು ಬಾಡಿಗೆಗೆ ಬಂದರು. ಯಾವುದೋ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಸಂಜೆಯಾದರೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಇಂಗ್ಲಿಷ್ ಪತ್ರಿಕೆ ಓದುತ್ತಿದ್ದರು. ಒಂದು ಸಂಜೆ ನಾವು ವಾಕ್ಯ ಮುಗಿಸಿ ಎರಡು ಚಪ್ಪಾಳೆ ತಟ್ಟಿದೆವು. ಮಹಡಿಯಿಂದಲೂ ಎರಡು ಚಪ್ಪಾಳೆ ಕೇಳಿಸಿತು. ಅಜ್ಜಿಯ ಕೈ ಬತ್ತಿಯ ಮೇಲೆ ಹಾಗೇ ನಿಂತಿತು.

ಅಪ್ಪ ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ದೂರು ಸಿದ್ಧವಾಗಿತ್ತು. ಅಪ್ಪ ನಕ್ಕುಬಿಟ್ಟರು. "ಸೊಳ್ಳೆ ಹೊಡೀತಿದಾನಮ್ಮ, ಪಾಪ," ಎಂದರು.

"ಸೊಳ್ಳೇನ ಲೆಕ್ಕ ಇಟ್ಕೊಂಡು ಹೊಡೀತಾರೇನೋ?" ಎಂದಳು ಅಜ್ಜಿ.

ಅಲ್ಲಿಂದ ತನಿಖೆ ಶುರು. ಪಾಠ ಮುಗಿಸಿ ಹೊರಟ ಮಕ್ಕಳನ್ನು ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿ, ಕೈಗೆ ಕೊಬ್ಬರಿ ಸಕ್ಕರೆ ಹಾಕಿ, ಇವತ್ತು ಹೇಳಿಸಿದ್ದರ ಅರ್ಥ ಏನು ಎಂದು ಕೇಳುತ್ತಿದ್ದಳು. ಮಕ್ಕಳು ಹೆಮ್ಮೆಯಿಂದ ಹೇಳುತ್ತಿದ್ದವು: ಅವನು ಗೇಟಿನ ಹತ್ತಿರ ಕಾಯುತ್ತಿದ್ದಾನೆ. ನಾಳೆ ನಾವು ಮೈಸೂರಿಗೆ ಹೋಗುತ್ತೇವೆ. ನೀನು ಯಾವಾಗ ಬರುತ್ತೀಯ? ಕ್ರಿಯಾಪದ ಕಲಿಸುವವರು ಯಾರಾದರೂ ಹೋಗುವುದು, ಬರುವುದು, ಕಾಯುವುದನ್ನೇ ತಾನೇ ಕಲಿಸುವುದು? ಆದರೆ ಒಂದು ಸಂಜೆ ಅಜ್ಜಿ ತಲೆಯೆತ್ತಿ ನೋಡಿದಾಗ ಮೂರ್ತಿಯವರು ನಿಜವಾಗಿಯೂ ತಮ್ಮ ಗೇಟಿನ ಹತ್ತಿರ ನಿಂತಿದ್ದರು. ಊಟದ ಕ್ಯಾರಿಯರ್ ತರುವ ಹುಡುಗನಿಗೆ ಕಾಯುತ್ತಿದ್ದರು ಅಂತ ಯಾರು ಹೇಳಿದರೂ ಅವಳು ಕೇಳಲು ತಯಾರಿರಲಿಲ್ಲ. ಅಂದೇ ರುಕ್ಕತ್ತೆಯ ಇಂಗ್ಲಿಷ್ ಪುಸ್ತಕಗಳಿದ್ದ ಟ್ರಂಕಿಗೆ ಬೀಗ ಬಿತ್ತು, ಬೀಗದಕೈ ಅಜ್ಜಿಯ ಸೊಂಟಕ್ಕೆ ಹೋಯಿತು. ಚಪ್ಪಾಳೆ ಕೂಡದು, ಗಂಡಸರಿರುವ ವಾಕ್ಯ ಕೂಡದು, ಹೋಗುವುದು ಬರುವುದು ಕೂಡದು. ಹಸು, ಕಾಗೆ, ಬೆಕ್ಕು ಇವಿಷ್ಟೇ ಸಾಕು ಎಂದು ತೀರ್ಮಾನವಾಯಿತು. ಮರುದಿನ ನಾವು ಕಾಗೆ ಮರದ ಮೇಲಿದೆ ಎಂದು ಪಿಸುಗುಟ್ಟಿದೆವು. ಅರ್ಥ ಕೇಳಿದ ಅಜ್ಜಿ ಮರದ ಕಡೆ ನೋಡಿದಳು, ಮರದ ಹಿಂದಿನ ಬಾಲ್ಕನಿಯನ್ನೂ ನೋಡಿದಳು.

ಆ ದಿನಗಳಲ್ಲೇ ಜಯನಗರದಲ್ಲಿ ಹೊಸದಾಗಿ ತೆರೆದ ಖಾಸಗಿ ಇಂಗ್ಲಿಷ್ ಮೀಡಿಯಂ ಪ್ರೈಮರಿ ಶಾಲೆಗೆ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿದ್ದರು. ನಮ್ಮ ಬೀದಿಯ ಮಗುವೊಂದರ ತಂದೆ ರುಕ್ಕತ್ತೆಯ ವಿಷಯ ಹೇಳಿದ್ದರಂತೆ, ಹೆಡ್‌ಮಿಸ್ಟ್ರೆಸ್ಸು ತಾವೇ ಬಂದು ಪಾಠ ನೋಡುತ್ತೇನೆ ಎಂದು ತಿಳಿಸಿದರು. ಅಪ್ಪನಿಗೆ ಖುಷಿಯಾಯಿತು, ಆದರೆ ಅಜ್ಜಿ ಹೂಂ ಅಂದರೆ ಮಾತ್ರ ಎಂದು ಜಾರಿಕೊಂಡರು. ಅಜ್ಜಿ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ, ಬರಲಿ ನೋಡೋಣ ಅಂದಳು. ರುಕ್ಕತ್ತೆ ತರಕಾರಿಯ ನೆಪದಲ್ಲಿ ನನ್ನನ್ನು ಕರೆದುಕೊಂಡು ಅಷ್ಟು ದೂರ ನಡೆದು ಆ ಶಾಲೆಯನ್ನು ರಸ್ತೆಯಿಂದಲೇ ನೋಡಿ ಬಂದಳು. ಕಿಟಕಿಯೊಳಗೆ ಕಪ್ಪು ಹಲಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಅವಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಹೆಡ್‌ಮಿಸ್ಟ್ರೆಸ್ಸು ಬಂದದ್ದು ಶನಿವಾರ ಮಧ್ಯಾಹ್ನ, ಅಪ್ಪ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಮದರಾಸಿನ ಕಡೆಯ ದಪ್ಪ ಕನ್ನಡಕದ ಹೆಂಗಸು, ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದರು. ನಾವು ಹಸುವಿನ ವಾಕ್ಯವನ್ನು ಸದ್ದಿಲ್ಲದೆ ಚೆನ್ನಾಗಿಯೇ ಓದುತ್ತಿದ್ದೆವು. ಅಷ್ಟರಲ್ಲಿ ಒಂದು ಮಗು ಮರೆತು ಚಪ್ಪಾಳೆ ತಟ್ಟಿತು, ಹಿಂದೆಯೇ ಎಲ್ಲರೂ ತಟ್ಟಿಬಿಟ್ಟೆವು. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಮುಂದಿನ ವಾಕ್ಯಕ್ಕೆ ತಾವೂ ತಟ್ಟಿದರು. ಆಮೇಲೆ ಆಕೆ, ರುಕ್ಕತ್ತೆ ಇಬ್ಬರೂ ಪಾರಿಜಾತದ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಆ ವೇಗದ ಇಂಗ್ಲಿಷ್ ನಮ್ಮ ಯಾರ ಅಳತೆಗೂ ಸಿಗುವಂಥದ್ದಾಗಿರಲಿಲ್ಲ. ಅರ್ಥ ಕೇಳಲು ಅಜ್ಜಿಗೆ ಯಾರೂ ಇರಲಿಲ್ಲ. ಆಕೆ ಏನೋ ಕೇಳಿದರು. ರುಕ್ಕತ್ತೆ ಅಜ್ಜಿಯ ಕಡೆ ಒಮ್ಮೆ ನೋಡಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಎದುರು ಬಾಲ್ಕನಿಯಲ್ಲಿ ಮೂರ್ತಿಯವರು ಟವೆಲ್ ಒಣಹಾಕುತ್ತಿದ್ದರು.

ಅಜ್ಜಿ ಎದ್ದಳು, ಮಡಿಲಿನ ಹತ್ತಿ ನೆಲಕ್ಕೆ ಬಿತ್ತು. "ಅವಳು ಎಲ್ಲಿಗೂ ಬರೋದಿಲ್ಲಮ್ಮ. ಮದುವೆ ಗೊತ್ತಾಗಿದೆ ಅವಳಿಗೆ. ನೀವಿನ್ನು ಹೊರಡಿ," ಎಂದಳು.

ಗೊತ್ತಾಗಿದ್ದ ಮದುವೆ ಯಾವುದೂ ಇರಲಿಲ್ಲ. ಆಕೆ ರುಕ್ಕತ್ತೆಯ ಮುಖ ನೋಡಿದರು, ಕೈಮುಗಿದು ಹೊರಟರು. ರುಕ್ಕತ್ತೆ ಒದ್ದೆ ಬಟ್ಟೆ ತಂದು ನೆಲದ ರಂಗೋಲಿ ಒರೆಸಿದಳು, ಮಾರನೆಯ ಸಂಜೆ ಬಂದ ಮಕ್ಕಳನ್ನು ಬಾಗಿಲಿನಿಂದಲೇ ಕಳಿಸಿದಳು. ಅಪ್ಪ ಅಜ್ಜಿಯ ಮೇಲೆ ರೇಗಿದರು, ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ, ಆದರೆ ಶಾಲೆಗೆ ಹೋಗಿ ವಿಷಯ ತಿಳಿಸುವ ಧೈರ್ಯ ಅವರಿಗೂ ಬರಲಿಲ್ಲ. ಮರುವರ್ಷ ಮೂರ್ತಿಯವರು ತಮ್ಮ ಮದುವೆಯ ಕರೆಯೋಲೆ ಹಿಡಿದು ಬಂದರು. ಹುಡುಗಿ ತುಮಕೂರಿನವಳು. ಮಕ್ಕಳ ಗದ್ದಲ ಇಲ್ಲದೆ ಬೀದಿ ಬಿಕೋ ಅನ್ನುತ್ತೆ ಎಂದು ಪಾಪದ ಮನುಷ್ಯ ಹೇಳಿಯೂ ಹೋದರು. ಅಜ್ಜಿ ಕರೆಯೋಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸಂಜೆ ತಾನಾಗಿ ಟ್ರಂಕಿನ ಬೀಗ ತೆಗೆದು, ಮಕ್ಕಳನ್ನು ಕರಿ, ಪಾಠ ಶುರು ಮಾಡು ಎಂದು ಮೆಲ್ಲಗೆ ಹೇಳಿದಳು.

"ಮರ್ತುಹೋಗಿದೆಯಮ್ಮ," ಎಂದಳು ರುಕ್ಕತ್ತೆ, ಅವರೆಕಾಯಿ ಬಿಡಿಸುತ್ತಲೇ.

ಮುಂದೆ ನಾನು ಮಿಡ್ಲ್‌ಸ್ಕೂಲಿಗೆ ಹೋಗಿ ಇಂಗ್ಲಿಷಿಗೆ ಒದ್ದಾಡುವಾಗಲೂ ಅಪ್ಪನ್ನ ಕೇಳು ಎನ್ನುತ್ತಿದ್ದಳು. ನಿಜವಾಗಿ ಮರೆತಿದ್ದಳೇ? ನಾನಂತೂ ನಂಬಲಿಲ್ಲ, ಅಜ್ಜಿಯ ಮೊಮ್ಮಗಳು ತಾನೇ. ಆ ಶಾಲೆಯಿಂದ ಮತ್ತೆ ಯಾರೂ ಬರಲಿಲ್ಲ. ರುಕ್ಕತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವುದೂ ಕ್ರಮೇಣ ನಿಂತಿತು.

ಆ ದಶಕ ಮುಗಿಯುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. ಅವಳನ್ನು ಎತ್ತಿ ಕೂರಿಸುವುದು, ತಲೆ ಬಾಚುವುದು, ಉಣಿಸುವುದು ಎಲ್ಲ ರುಕ್ಕತ್ತೆಯದೇ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿರುವಾಗ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡಳು. ನಾನು ಕಾಲ ಬಳಿ ಕೂತಿದ್ದೆ.

"ರುಕ್ಕೂ, ಆವತ್ತು ಆ ಹೆಂಗಸಿನ ಹತ್ರ ಇಂಗ್ಲಿಷ್‌ನಲ್ಲಿ ಏನೇ ಅಂದೆ?"

ರುಕ್ಕತ್ತೆ ಚಮಚದಿಂದ ಬಟ್ಟಲಿನ ಗಂಜಿ ಕಲಕಿದಳು. "ನಮ್ಮಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ ಅಂದೆ," ಎಂದಳು.

ಅಜ್ಜಿ ಮರುಪ್ರಶ್ನೆ ಹಾಕದೆ ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ರುಕ್ಕತ್ತೆ ಚಮಚವನ್ನು ಮತ್ತೆ ಅವಳ ತುಟಿಯ ಹತ್ತಿರ ತಂದಳು. ಅಜ್ಜಿ ಬಾಯಿ ತೆರೆಯಲಿಲ್ಲ. ರುಕ್ಕತ್ತೆ ಚಮಚ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯದೆ, ಹಾಗೇ ಕಾಯುತ್ತ ಕೂತಳು.