ಹೂಲಿ ಗುಡ್ಡದ ಗೂಗಿ ಕಂಪೌಂಡರ್

ಕಂಪೌಂಡರ್ ಗದಿಗಯ್ಯನವರಿಗೆ ಗೂಗಿಯ, ಎಂದರೆ ಗೂಬೆಯ, ಹುಚ್ಚು. ಹೂಲಿಯ ಗುಡ್ಡದಲ್ಲಿ ಯಾವ ಸಣ್ಣ ಗೂಗಿ ಕೂಗಿದರೂ ಇದು ಹಾಲಕ್ಕಿ, ಇದು ಕೋಡಿನ ಗೂಗಿ ಎಂದು ಕತ್ತಲಲ್ಲೇ ಹೆಸರು ಹೇಳುವವರು. ನೆಗಡಿಗೆ ಗುಳಿಗೆ ಕೇಳಲು ಹೋದವರೂ ಮೊದಲು ಅವರ ಬಾಯಿಂದ ಎರಡು ಬಗೆಯ ಕೂಗು ಕೇಳಬೇಕು. ಊಟಕ್ಕೆ ಕುಳಿತಾಗಲೂ "ಚಿರ್ರ್ ಚಿರ್ರ್" ಎಂದು ಕಿರುಚಿ, "ಯಾವುದು ಹೇಳು?" ಎಂದು ಹೆಂಡತಿಯನ್ನು ಪರೀಕ್ಷೆ ಮಾಡುವರು. "ಹಾಲಕ್ಕಿ. ಈಗರೆ ರೊಟ್ಟಿ ತಿನ್ರಿ" ಎನ್ನುವಳು ನೀಲವ್ವ. ಮನೆಗೆ ಬಂದ ಬೀಗರನ್ನೂ ಬಿಡದೆ ಗುಡ್ಡ ಹತ್ತಿಸುವರು. ಅಲ್ಲಿ ಕೆಮ್ಮಿದವರಿಗೆ ಮರುದಿನ ಚಹಾ ಇಲ್ಲ. "ಹೆಸರು ಹೇಳಾಕ ಬರಲಾರದ ದಿನ ಈ ಬ್ಯಾಟರಿ ನಿನ್ನ ಕೈಯಾಗ ಕೊಟ್ಟು, ಗುಡ್ಡದ ಕಡೆ ಹೊಳ್ಳಿ ನೋಡಂಗಿಲ್ಲ" ಎಂಬುದು ರಾತ್ರಿ ಗುಡ್ಡಕ್ಕೆ ಒಯ್ಯುವ ಟಾರ್ಚು ತೋರಿಸಿ ಹೆಂಡತಿಯ ಮುಂದೆ ಅವರು ಮಾಡಿದ ಶಪಥ. ಈಚೆಗೆ ನೀಲವ್ವನೂ ಜೊತೆಗೆ ಹೊರಡುತ್ತಾಳೆ. "ಗಂಡನ್ನ ಬಿಟ್ಟಿರಾಕ ಆಗೂದಿಲ್ಲೇನವಾ?" ಎಂದು ಓಣಿಯ ಹೆಂಗಸರು ನಗುತ್ತಾರೆ. ಅವಳೂ ನಗುತ್ತಾಳೆ. ಕಂಪೌಂಡರ ಕಿವಿ ಮಂದವಾದದ್ದು ಅವಳಿಗೊಬ್ಬಳಿಗೇ ಗೊತ್ತು. ಹಾಲಕ್ಕಿ ಕೂಗಿದರೆ ಶಾಲಿನೊಳಗೆ ಅವರ ಕೈಯನ್ನು ಒಮ್ಮೆ ಚಿವುಟುತ್ತಾಳೆ, ಕೋಡಿನ ಗೂಗಿಗೆ ಎರಡು ಸಲ. ಅವರು ಕೂಡಲೇ ಹೆಸರು ಹೇಳುತ್ತಾರೆ. ಮೊನ್ನೆ ಸುರೇಬಾನದ ಬೀಗರಿಬ್ಬರು ಬಂದಾಗ ಮಾತ್ರ ಗುಡ್ಡದಲ್ಲಿ ಒಂದು ಹಕ್ಕಿಯೂ ಬಾಯಿ ಬಿಡಲಿಲ್ಲ. ಬೀಗರು ಆಕಳಿಸತೊಡಗಿದರು. ಕಂಪೌಂಡರ್ ಮುಖ ಸಣ್ಣದು ಮಾಡಿಕೊಂಡು, ಸದ್ದಿಲ್ಲದೆ ಬ್ಯಾಟರಿಯನ್ನು ನೀಲವ್ವನ ಕೈಗಿಟ್ಟರು. ಅವಳು ಅದನ್ನು ಅವರ ಕೈಗೇ ತುರುಕಿ, ಬಲವಾಗಿ ಒಮ್ಮೆ ಚಿವುಟಿದಳು. "ಹಾಲಕ್ಕಿ! ಕೇಳಿದ್ರಿಲ್ಲೋ ಬೀಗರ?" ಎಂದು ಕಂಪೌಂಡರ್ ನೆಟ್ಟಗಾದರು. ಏನೂ ಕೇಳದ ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೇಳಿದ್ವಿರಿ" ಎಂದರು ಕಿರಿಯರು. "ನನಗ ಎರಡ ಸಲ ಕೇಳಿಸ್ತರಿ" ಎಂದರು ಹಿರಿಯರು.